ದಾವಣಗೆರೆಯಿಂದ ಸ್ಟ್ಯಾಂಡ್ ಅಪ್: ಮೊದಲ ಐದು ನಿಮಿಷದಿಂದ ಹೆಸರು ಬರುವವರೆಗೆ, ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಜಗಳೂರು, ಚಿತ್ರದುರ್ಗದ ಕಡೆಯ ಹುಡುಗ ಹುಡುಗಿಯರು ಸ್ಟ್ಯಾಂಡ್ ಅಪ್ (ಒಬ್ಬರೇ ಮೈಕ್ ಹಿಡಿದು ನಿಂತು ನಗಿಸುವ ಹಾಸ್ಯ) ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ಬಹಳಷ್ಟು ಜನ ಮೊದಲು ಕೇಳುವುದು "ಫೇಮಸ್ ಆಗೋದು ಹೆಂಗೆ" ಅಂತ. ಆ ಪ್ರಶ್ನೆಯನ್ನು ಕೊನೆಯ ಕಡೆಗೆ ಇಟ್ಟಿದ್ದೇವೆ. ಜೋಕು ಗಟ್ಟಿಯಾಗುವ ಮೊದಲೇ ಹೆಸರು ಬಂದವರು ವೇದಿಕೆಯ ಮೇಲೆ ಪಡುವ ಕಷ್ಟ ದೊಡ್ಡದು.

ಹಾಸ್ಯ ಸಂಜೆಯ ಭಾಷಣಕ್ಕೂ ಸ್ಟ್ಯಾಂಡ್ ಅಪ್‌ಗೂ ಏನು ವ್ಯತ್ಯಾಸ?

ಗಂಗಾವತಿ ಪ್ರಾಣೇಶ್, ಪ್ರೊ. ಎಂ. ಕೃಷ್ಣೇಗೌಡ, ಸುಧಾ ಬರಗೂರು ಅವರಂಥವರು ಕಟ್ಟಿದ ಹಾಸ್ಯ ಭಾಷಣದಲ್ಲಿ ಪ್ರಸಂಗ, ಸಾಹಿತ್ಯ, ಒಂದಿಷ್ಟು ಬುದ್ಧಿಮಾತು ಎಲ್ಲವೂ ಸೇರಿರುತ್ತದೆ. ಅಜ್ಜಿಯಿಂದ ಮೊಮ್ಮಗನವರೆಗೆ ಇಡೀ ಮನೆ ಕೂತು ಕೇಳುತ್ತದೆ, ನಡುವೆ ಎರಡು ಮೂರು ನಿಮಿಷ ನಗು ಇಲ್ಲದಿದ್ದರೂ ಕಥೆ ಹಿಡಿದು ಕೂರಿಸುತ್ತದೆ. ಸ್ಟ್ಯಾಂಡ್ ಅಪ್‌ನಲ್ಲಿ ಆ ಸಲುಗೆ ಇಲ್ಲ. ಹದಿನೈದು ಇಪ್ಪತ್ತು ಸೆಕೆಂಡಿಗೊಮ್ಮೆ ನಗು ಬರಬೇಕು, ಮಾತು ನಿಮ್ಮ ಸ್ವಂತ ಕಣ್ಣಿನಿಂದ ಕಂಡದ್ದಾಗಿರಬೇಕು, ಕೊನೆಗೆ ನೀತಿ ಹೇಳುವ ಹಂಗಿಲ್ಲ. ಎರಡರಲ್ಲಿ ಒಂದು ಮೇಲು, ಇನ್ನೊಂದು ಕೀಳು ಅನ್ನುವುದು ತಪ್ಪು. ಒಂದು ಗಂಟೆ ಸಭೆ ಹಿಡಿಯುವ ಕಸುಬನ್ನು ಹಾಸ್ಯ ಭಾಷಣಕಾರರಿಂದಲೇ ಕಲಿಯಬೇಕು.

ಇನ್ನೊಂದು ಬೇರು ನಮ್ಮೂರಲ್ಲೇ ಇದೆ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಬೆಳೆದದ್ದು ದಾವಣಗೆರೆಯಲ್ಲಿ. ಕಂಪನಿ ನಾಟಕಗಳಲ್ಲಿ ಪರದೆಯ ಹಿಂದೆ ದೊಡ್ಡ ಸೀನು ಜೋಡಿಸುವಾಗ ಪರದೆಯ ಮುಂದೆ ಹಾಸ್ಯದ ಪಾತ್ರಧಾರಿಗಳು ಬರುತ್ತಿದ್ದರು. ಒಳಗೆ ಕೆಲಸ ತಡವಾದರೆ ಅವರ ಮಾತೂ ಉದ್ದವಾಗಬೇಕು, ಬೇಗ ಮುಗಿದರೆ ತಟ್ಟನೆ ನಿಲ್ಲಿಸಬೇಕು. ಗಡಿಯಾರ ನೋಡದೆ ಹೊತ್ತು ಅಳೆಯುವ ಆ ಕಲೆ ಇವತ್ತಿನ ಸ್ಟ್ಯಾಂಡ್ ಅಪ್‌ಗೂ ಬೇಕು. ಮಾಸ್ಟರ್ ಹಿರಣ್ಣಯ್ಯ (1934–2019) ಬರೆದ ಸಂಭಾಷಣೆಯನ್ನು ಪಕ್ಕಕ್ಕಿಟ್ಟು ಆ ದಿನದ ರಾಜಕೀಯವನ್ನು ನಾಟಕದ ನಡುವೆಯೇ ಎತ್ತಿಕೊಳ್ಳುತ್ತಿದ್ದರು. ಕನ್ನಡದ ಪ್ರೇಕ್ಷಕರಿಗೆ ಒಬ್ಬರೇ ನಿಂತು ನಗಿಸುವುದು ಹೊಸದೇನೂ ಅಲ್ಲ.

ಬೆಂಗಳೂರಿಗೆ ಹೋಗಲೇಬೇಕಾ?

ಶುರುವಿಗೆ ಬೇಡ. ಬೆಂಗಳೂರಲ್ಲಿ ವೇದಿಕೆಗಳು ಹೆಚ್ಚು, ನಿಜ. ಆದರೆ ಅಲ್ಲಿನ ಎಷ್ಟೋ ಓಪನ್ ಮೈಕ್‌ಗಳಲ್ಲಿ (ಹೊಸಬರೂ ಹೆಸರು ಕೊಟ್ಟು ಕೆಲವು ನಿಮಿಷ ಮಾಡಬಹುದಾದ ಕಾರ್ಯಕ್ರಮ) ಕೂತವರಲ್ಲಿ ಅರ್ಧ ಜನ ತಮ್ಮ ಸರದಿಗೆ ಕಾಯುವ ಕಲಾವಿದರೇ, ಅವರು ನಗುವುದು ಕಡಿಮೆ. ಇಲ್ಲಿ ಇಪ್ಪತ್ತು ಜನ ಸಿಕ್ಕರೂ ಅವರು ನಿಜವಾದ ಪ್ರೇಕ್ಷಕರು. ಮೊದಲ ಹದಿನೈದು ನಿಮಿಷದ ಜೋಕು ಇಲ್ಲೇ ಗಟ್ಟಿ ಮಾಡಿ, ಆಮೇಲೆ ತಿಂಗಳಿಗೊಮ್ಮೆ ಹೋಗಿಬನ್ನಿ. ದಾರಿ ಸುಮಾರು 260 ಕಿಲೋಮೀಟರ್. ಒಂದು ಹೋಕಿಗೆ ಕನಿಷ್ಠ ಎರಡು ವೇದಿಕೆ ಮೊದಲೇ ಗೊತ್ತು ಮಾಡಿಕೊಳ್ಳದಿದ್ದರೆ ಬಸ್ ಚಾರ್ಜ್ ದಂಡ.

ಇಲ್ಲಿರುವುದರ ಇನ್ನೊಂದು ಲಾಭ ಭಾಷೆ. ಹರಿಹರ ದಾಟಿ ರಾಣೆಬೆನ್ನೂರಿನ ಕಡೆ ಹೋದರೆ "ಐತಿ", ಹಿರಿಯೂರಿನ ಕಡೆ ಇಳಿದರೆ "ಐತೆ". ಉತ್ತರದ ಕನ್ನಡ, ದಕ್ಷಿಣದ ಕನ್ನಡ ಎರಡೂ ಕೂಡುವ ಜಾಗ ಇದು. ಇಲ್ಲಿ ನಕ್ಕ ಜೋಕು ಹುಬ್ಬಳ್ಳಿಗೂ ನಡೆಯುತ್ತದೆ, ತುಮಕೂರಿಗೂ ನಡೆಯುತ್ತದೆ. ಆ ಮಾತನ್ನು ಬಿಟ್ಟು ಟಿವಿ ಕನ್ನಡಕ್ಕೆ ಹೋಗಬೇಡಿ.

ಮೊದಲ ಐದು ನಿಮಿಷ ಬರೆಯುವುದು ಹೇಗೆ?

ಐದು ನಿಮಿಷದ ಸೆಟ್‌ಗೆ (ಒಂದು ಸರದಿಯಲ್ಲಿ ಹೇಳುವ ಜೋಕುಗಳ ಗುಚ್ಛ) ನಾಲ್ಕು ನಿಮಿಷದ ಮಾತು ಸಾಕು, ಉಳಿದ ಒಂದು ನಿಮಿಷ ನಗುವಿನದು. ಎರಡು ವಿಷಯ ತಗೊಳ್ಳಿ, ಮೂರನೆಯದು ಬೇಡ. ವಿಷಯ ನಿಮಗೆ ಸಿಟ್ಟು, ನಾಚಿಕೆ ಅಥವಾ ಭಯ ತರಿಸಿದ್ದಾಗಿರಲಿ. ಬರೀ "ತಮಾಷೆ ಅನ್ನಿಸಿದ್ದು" ವೇದಿಕೆಯ ಮೇಲೆ ಎರಡು ಸಾಲಿಗೇ ಸೊರಗುತ್ತದೆ. ಒಂದೊಂದು ವಿಷಯಕ್ಕೂ ಇಪ್ಪತ್ತು ಸಾಲು ಬರೆದು ಹದಿನಾಲ್ಕು ಹೊಡೆದು ಹಾಕಿ. ಉಳಿದ ಆರರಲ್ಲಿ ಅತ್ಯಂತ ಗಟ್ಟಿಯಾದದ್ದನ್ನು ಕೊನೆಗೆ, ಎರಡನೇ ಗಟ್ಟಿಯಾದದ್ದನ್ನು ಮೊದಲಿಗೆ ಇಡಿ.

ಬರೆದದ್ದನ್ನು ಕಣ್ಣಲ್ಲಿ ಓದಬೇಡಿ. ನಿಂತುಕೊಂಡು ಗಟ್ಟಿಯಾಗಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಕೈಬರಹದಲ್ಲಿ "ಹೋಗುತ್ತಿದ್ದೆ" ಅಂತ ಇದ್ದದ್ದು ಬಾಯಲ್ಲಿ "ಹೋಗ್ತಿದ್ದೆ" ಆಗುತ್ತದೆ. ಬಾಯಿ ತಡವರಿಸಿದ ಕಡೆಯೆಲ್ಲ ಸಾಲು ಉದ್ದವಾಗಿದೆ ಅಂತ ಅರ್ಥ.

ಬರೆದಾಗ ನಗು ಬರುವ ಜೋಕು ವೇದಿಕೆಯಲ್ಲಿ ಯಾಕೆ ಬಿದ್ದುಹೋಗುತ್ತದೆ?

ಹತ್ತರಲ್ಲಿ ಏಳು ಸಲ ಕಾರಣ ಒಂದೇ: ಅಚ್ಚರಿಯ ಪದ ಸಾಲಿನ ನಡುವೆ ಸಿಕ್ಕಿಹಾಕಿಕೊಂಡಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ತೊಂದರೆ ಜಾಸ್ತಿ. ಒಂದು ಉದಾಹರಣೆ ನೋಡಿ.

"ಡಾಕ್ಟ್ರು ಬೆಣ್ಣೆ ಕಡಿಮೆ ಮಾಡಿ ಅಂದಿದಾರೆ ಅಂತ ದೋಸೆ ಹೋಟ್ಲಲ್ಲಿ ಹೇಳಿದೆ. ಅವರು ದೋಸೆನೇ ಸಣ್ಣದು ಮಾಡಿ ಬೆಣ್ಣೆ ಮೊದಲಿನಷ್ಟೇ ಹಾಕಿಬಿಟ್ರು."

ಇಲ್ಲಿ ನಗು ಹುಟ್ಟುವುದು "ದೋಸೆ" ಅನ್ನುವ ಪದದಲ್ಲಿ. ಅದು ಎರಡನೇ ಪದವಾಗಿ ಬಂದುಬಿಟ್ಟಿದೆ. ಕೇಳುವವರು ನಗಲು ಬಾಯಿ ತೆರೆದರೆ ನೀವಿನ್ನೂ ಮಾತಾಡುತ್ತಿದ್ದೀರಿ, ಅವರು ನಗು ನುಂಗಿಕೊಳ್ಳುತ್ತಾರೆ. ಈಗ ತಿರುಗಿಸಿ:

"ಡಾಕ್ಟ್ರು ಬೆಣ್ಣೆ ಕಡಿಮೆ ಮಾಡಿ ಅಂದಿದಾರೆ ಅಂತ ಹೋಟ್ಲಲ್ಲಿ ಹೇಳಿದೆ. ಅವರು ಕಡಿಮೆ ಮಾಡಿದ್ದು… ದೋಸೆ."

ಮಾಡಿದ್ದು, ಬಂದಿದ್ದು, ಕೊಟ್ಟಿದ್ದು ಅನ್ನುವ ಈ ರೂಪ ಕನ್ನಡದ ಹಾಸ್ಯಗಾರನಿಗೆ ದೊಡ್ಡ ಆಸ್ತಿ. ಕ್ರಿಯೆಯನ್ನು ಮುಂದೆ ತಂದು ನಾಮಪದವನ್ನು ಕೊನೆಗೆ ಉಳಿಸಿಕೊಡುತ್ತದೆ. ಇನ್ನೂ ಎರಡು ತಿದ್ದುಪಡಿ ಗಮನಿಸಿ. ಮೊದಲ ಸಾಲಿನ "ದೋಸೆ ಹೋಟ್ಲು" ಬರೀ "ಹೋಟ್ಲು" ಆಯಿತು, ಯಾಕೆಂದರೆ ಕೊನೆಗೆ ಬರಬೇಕಾದ ಪದವನ್ನು ಮೊದಲೇ ಕೇಳಿಸಬಾರದು. ದಾವಣಗೆರೆಯಲ್ಲಿ ಬೆಣ್ಣೆ ಅಂದರೆ ಯಾವ ಹೋಟ್ಲು ಅಂತ ಹೇಳಬೇಕಾಗಿಯೂ ಇಲ್ಲ. "ಬೆಣ್ಣೆ ಮೊದಲಿನಷ್ಟೇ" ಅನ್ನುವುದನ್ನು ತೆಗೆದೆವು, ಅದನ್ನು ಕೇಳುವವರೇ ಊಹಿಸಿಕೊಳ್ಳಲಿ. ಆ ಊಹೆಯೇ ನಗು.

ನಗು ಇಳಿಯುವ ಹೊತ್ತಿಗೆ ಟ್ಯಾಗ್, ಅಂದರೆ ಅದೇ ಜೋಕಿಗೆ ಅಂಟಿಸುವ ಇನ್ನೊಂದು ಸಾಲು, ಹಾಕಿ: "ಬಿಲ್ ಕಡಿಮೆ ಮಾಡ್ರಿ ಅಂದ್ರೆ, ಡಾಕ್ಟ್ರು ಅದು ಹೇಳಿಲ್ಲವಲ್ರಿ ಅಂದ್ರು." ಹೊಸ ಸಂದರ್ಭ ಕಟ್ಟದೆ ಎರಡನೇ ನಗು ಸಿಕ್ಕಿತು. ಹತ್ತು ನಿಮಿಷದ ಮೇಲೆ ಮದುವೆಯ ಮಾತು ಬಂದಾಗ "ಖರ್ಚು ಕಡಿಮೆ ಮಾಡ್ರಿ ಅಂತ ಬೀಗರಿಗೆ ಹೇಳಿದ್ವಿ. ಅವರು ಕಡಿಮೆ ಮಾಡಿದ್ದು…" ಅಂತ ನಿಲ್ಲಿಸಿ ನೋಡಿ, "ಊಟ" ಅಂತ ಸಭೆಯೇ ಕೂಗುತ್ತದೆ. ಇದು ಕಾಲ್‌ಬ್ಯಾಕ್, ಹಿಂದೆ ಹೇಳಿದ ಜೋಕನ್ನು ಮತ್ತೆ ಕರೆತರುವುದು. ಎರಡರ ನಡುವೆ ಆರೇಳು ನಿಮಿಷವಾದರೂ ಅಂತರ ಇರಲಿ, ಹತ್ತಿರ ಬಂದರೆ ಪುನರಾವರ್ತನೆ ಅನ್ನಿಸುತ್ತದೆ.

ಉಳಿದ ಮೂರು ಸಲ ಕಾರಣ ಬೇರೆ. ಸಂದರ್ಭ ಅರ್ಥವಾಗಿರುವುದಿಲ್ಲ, ಇಲ್ಲವೇ ಪಂಚ್ (ನಗು ತರುವ ಕೊನೆಯ ಮಾತು) ಹೇಳುವ ಮೊದಲೇ ನೀವೇ ನಕ್ಕಿರುತ್ತೀರಿ.

ಜೋಕು ಇಟ್ಟುಕೊಳ್ಳಬೇಕೋ ಬಿಡಬೇಕೋ, ಹೇಗೆ ಗೊತ್ತಾಗುತ್ತದೆ?

ಲೆಕ್ಕ ಇಡಿ. ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ಜಾಗ, ಎಷ್ಟು ಜನ, ಪ್ರತಿ ಜೋಕಿಗೆ ಸೊನ್ನೆಯಿಂದ ಮೂರರವರೆಗೆ ಅಂಕ. ಒಂದು ಅಂದರೆ ಅಲ್ಲಲ್ಲಿ ನಗು, ಎರಡು ಅಂದರೆ ಅರ್ಧ ಸಭೆ, ಮೂರು ಅಂದರೆ ನೀವು ಮಾತು ನಿಲ್ಲಿಸಬೇಕಾಯಿತು. ಅಂಕ ಕೊಡುವುದು ರೆಕಾರ್ಡಿಂಗ್ ಕೇಳಿದ ಮೇಲೆ, ವೇದಿಕೆಯ ನೆನಪಿನ ಮೇಲಲ್ಲ. ಮೂರು ಕಡೆ ಸತತ ಸೊನ್ನೆ ಬಂದರೆ ತಿದ್ದಿ ಬರೆಯಿರಿ. ಎರಡು ಸಲ ತಿದ್ದಿದ ಮೇಲೂ ಸೊನ್ನೆಯಾದರೆ ಬಿಡಿ, ಎಷ್ಟೇ ಪ್ರೀತಿ ಇದ್ದರೂ. ವಾರಕ್ಕೆರಡು ಸಲ ಮೈಕ್ ಸಿಗುವವರಿಗೂ ವರ್ಷಕ್ಕೆ ಹತ್ತು ಹದಿನೈದು ನಿಮಿಷ ಗಟ್ಟಿ ಸರಕು ಉಳಿದರೆ ಚೆನ್ನಾಗಿ ದುಡಿದ ಹಾಗೆ. ಒಂದು ಗಂಟೆಯ ಕಾರ್ಯಕ್ರಮಕ್ಕೆ ನಾಲ್ಕರಿಂದ ಆರು ವರ್ಷ ಹಿಡಿಯುತ್ತದೆ ಅಂದರೆ ಇದೇ ಲೆಕ್ಕ.

ಊರಲ್ಲಿ ಓಪನ್ ಮೈಕ್ ಇಲ್ಲ. ನಾವೇ ನಡೆಸಬಹುದಾ?

ನಡೆಸಲೇಬೇಕು. ಕಾಫಿ ಅಂಗಡಿಯ ಮಹಡಿ, ಟ್ಯೂಷನ್ ಹಾಲ್, ಕಾಲೇಜಿನ ಸೆಮಿನಾರ್ ಕೋಣೆ, ಮೂವತ್ತು ನಲವತ್ತು ಜನ ಹಿಡಿಸುವ ಜಾಗ ಸಾಕು. ಮಾಳಿಗೆ ತಗ್ಗಿದ್ದಷ್ಟೂ ನಗು ಒತ್ತಾಗಿ ಕೇಳಿಸುತ್ತದೆ. ನಲವತ್ತು ಜನ ಬರಬಹುದು ಅಂದರೆ ಮೂವತ್ತೇ ಕುರ್ಚಿ ಹಾಕಿ, ಉಳಿದವನ್ನು ಹಿಂದೆ ಒಟ್ಟಿಡಿ. ಖಾಲಿ ಕುರ್ಚಿ ನಗುವನ್ನು ನುಂಗುತ್ತದೆ, ಪಕ್ಕದವರ ಭುಜ ತಾಗುವಷ್ಟು ಹತ್ತಿರ ಕೂತವರು ಬೇಗ ನಗುತ್ತಾರೆ. ಮೊದಲ ಸಾಲು ಮೈಕಿನಿಂದ ಐದು ಅಡಿಗಿಂತ ದೂರ ಬೇಡ.

ಹೊತ್ತು ಸಂಜೆ ಆರೂವರೆಯಿಂದ ಎಂಟರವರೆಗೆ, ಸುತ್ತಲ ಊರಿನವರಿಗೆ ಕೊನೆಯ ಬಸ್ ಸಿಗಬೇಕು. ಹತ್ತು ಜನಕ್ಕೆ ತಲಾ ಐದು ನಿಮಿಷ, ನಿರೂಪಕರಿಗೆ ಹದಿನೈದು. ಮೊದಲ ಏಳು ನಿಮಿಷ ನಿರೂಪಕರೇ ಮಾತಾಡಿ ಸಭೆ ಬೆಚ್ಚಗೆ ಮಾಡಲಿ, ಇಲ್ಲದಿದ್ದರೆ ಮೊದಲ ಹುಡುಗನ ಸೆಟ್ ಬಲಿಯಾಗುತ್ತದೆ. ಅನುಭವ ಇರುವ ಒಬ್ಬರನ್ನು ಮೊದಲಿಗೆ, ಹೊಸಬರನ್ನು ನಡುವೆ, ಗಟ್ಟಿಗರನ್ನು ಕೊನೆಗೆ ಹಾಕಿ. ನಾಲ್ಕನೇ ನಿಮಿಷಕ್ಕೆ ಹಿಂದಿನಿಂದ ಫೋನಿನ ಟಾರ್ಚ್ ತೋರಿಸಿ. ಟಾರ್ಚ್ ಕಂಡ ಮೇಲೂ ಎಂಟು ನಿಮಿಷ ಮಾತಾಡಿದವರಿಗೆ ಮುಂದಿನ ತಿಂಗಳು ಅವಕಾಶ ಕೊಡಬೇಡಿ, ಈ ಒಂದು ನಿಯಮ ಸಡಿಲವಾದರೆ ಮೂರೇ ತಿಂಗಳಲ್ಲಿ ಪ್ರೇಕ್ಷಕರು ಬರುವುದು ನಿಲ್ಲುತ್ತದೆ. ಅಂಗಡಿಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ: ಕಾರ್ಯಕ್ರಮದ ಹೊತ್ತಿನಲ್ಲಿ ಮಿಕ್ಸಿ ಬಂದ್.

ಟಿಕೆಟ್ ಐವತ್ತು ರೂಪಾಯಿಯಾದರೂ ಇಡಿ. ದುಡ್ಡು ಕೊಟ್ಟವರು ಫೋನ್ ಒಳಗಿಟ್ಟು ಕೇಳುತ್ತಾರೆ.

ಮೈಕ್ ಕುಯ್ ಅನ್ನುತ್ತದೆ. ಏನು ಮಾಡಬೇಕು?

ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಸುತ್ತು ಹಾಕಿದಾಗ ಕೂಗು ಹುಟ್ಟುತ್ತದೆ. ಸ್ಪೀಕರ್‌ಗಳು ನಿಮಗಿಂತ ಮುಂದೆ, ಪ್ರೇಕ್ಷಕರ ಕಡೆ ಮುಖ ಮಾಡಿ ಇರಬೇಕು. ಮೈಕಿನ ಜಾಲರಿ ತಲೆಯನ್ನು ಅಂಗೈಯಿಂದ ಮುಚ್ಚಿ ಹಿಡಿಯುವುದು ನಮ್ಮಲ್ಲಿ ಹೆಚ್ಚು ಕಾಣುವ ತಪ್ಪು. ಹಾಗೆ ಹಿಡಿದರೆ ಹಿಂದಿನ ಸದ್ದನ್ನು ತಡೆಯುವ ಮೈಕಿನ ಗುಣವೇ ಹೋಗಿ ಅದು ಎಲ್ಲ ಕಡೆಯಿಂದ ಸದ್ದು ಹಿಡಿಯುತ್ತದೆ. ಹಿಡಿಯನ್ನು ನಡುವೆ ಹಿಡಿದು ಬಾಯಿಂದ ಎರಡು ಮೂರು ಬೆರಳಗಲ ದೂರ, ಗಲ್ಲದ ಕಡೆಯಿಂದ ಓರೆಯಾಗಿ ಇಟ್ಟುಕೊಳ್ಳಿ. ಕೂಗುವಾಗ ಒಂದು ಗೇಣು ದೂರ ಸರಿಸಿ, ಪಿಸುಮಾತಿಗೆ ಹತ್ತಿರ ತನ್ನಿ. ವೈರ್‌ಲೆಸ್ ಮೈಕ್ ಆದರೆ ಪ್ರತಿ ಕಾರ್ಯಕ್ರಮಕ್ಕೂ ಹೊಸ ಬ್ಯಾಟರಿ ಹಾಕಿಸಿ, ವೈರಿನ ಮೈಕ್ ಒಂದು ಪಕ್ಕದಲ್ಲಿರಲಿ. ಸ್ಟ್ಯಾಂಡ್‌ನಿಂದ ಮೈಕ್ ತೆಗೆದ ಕೂಡಲೇ ಸ್ಟ್ಯಾಂಡನ್ನು ಹಿಂದಕ್ಕಿಡಿ, ಮುಂದೆ ಬಿಟ್ಟರೆ ಅದು ನಿಮ್ಮ ಮುಖಕ್ಕೂ ಸಭೆಗೂ ನಡುವೆ ಬೇಲಿ.

ಗಣಪತಿ ಪೆಂಡಾಲು, ಕಲ್ಯಾಣ ಮಂಟಪದಲ್ಲಿ ಮಾಡುವಾಗ?

ಕಲ್ಯಾಣ ಮಂಟಪದಲ್ಲಿ ಟೈಲ್ಸ್ ನೆಲ, ಎತ್ತರದ ಮಾಳಿಗೆ, ಮಾತು ಮರಳಿ ಬಂದು ಮುಂದಿನ ಮಾತಿನ ಮೇಲೆ ಬೀಳುತ್ತದೆ. ನಿಧಾನವಾಗಿ ಮಾತಾಡಿ, ಪಂಚ್ ಪದದ ಮೊದಲು ಅರ್ಧ ಉಸಿರು ನಿಲ್ಲಿಸಿ, ಮಂಟಪದವರಿಗೆ ಹೇಳಿ ಎಕೋ ಪೂರ್ತಿ ಕಡಿಮೆ ಮಾಡಿಸಿ. ಊಟ ಬಡಿಸುವ ಹೊತ್ತಿನಲ್ಲಿ ಮಾತ್ರ ವೇದಿಕೆ ಹತ್ತಬೇಡಿ, ಎಲೆಯ ಮುಂದೆ ಯಾವ ಜೋಕೂ ನಿಲ್ಲುವುದಿಲ್ಲ. ಪೆಂಡಾಲಿನಲ್ಲಿ ಜನ ಬಂದು ಹೋಗುತ್ತಿರುತ್ತಾರೆ, ಉದ್ದದ ಕಥೆ ಬಿಟ್ಟು ಒಂದು ನಿಮಿಷದೊಳಗೆ ಮುಗಿಯುವ ತುಣುಕು ಹಿಡಿಯಿರಿ.

ತೆರೆದ ಜಾಗದಲ್ಲಿ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸುವಂತಿಲ್ಲ, ಸರ್ಕಾರ ವಿನಾಯಿತಿ ಕೊಟ್ಟ ಹಬ್ಬದ ದಿನಗಳನ್ನು ಬಿಟ್ಟು. ಸನ್ಮಾನ, ಭಾಷಣ ಮುಗಿದು ನಿಮ್ಮ ಸರದಿ ಒಂಬತ್ತೂ ಮುಕ್ಕಾಲಿಗೆ ಬರುವುದುಂಟು. ಆದ್ದರಿಂದ ಒಂದು ಗಂಟೆಯ ಸೆಟ್‌ನ ಹದಿನೈದು ನಿಮಿಷದ ರೂಪವನ್ನೂ ತಯಾರಿಟ್ಟುಕೊಳ್ಳಿ.

ಸಭೆಯಲ್ಲಿ ಒಬ್ಬ ಮಧ್ಯೆ ಮಧ್ಯೆ ಕೂಗುತ್ತಾನೆ. ತಿರುಗಿ ಬೈಯಬೇಕಾ?

ಮೊದಲು ಅವನು ಹೇಳಿದ್ದನ್ನು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿ, ಹಿಂದಿನ ಸಾಲಿಗೆ ಅದು ಕೇಳಿರುವುದಿಲ್ಲ. ಅರ್ಧ ಸಲ ಅಲ್ಲೇ ತಣ್ಣಗಾಗುತ್ತದೆ. ಎರಡನೇ ಸಲಕ್ಕೆ ಹಗುರವಾಗಿ ಉತ್ತರಿಸಿ, "ಅಣ್ಣಾ, ನಿಮ್ಮ ಸರದಿ ಆಮೇಲೆ" ಅಂದರೂ ಸಾಕು. ಮೂರನೇ ಸಲಕ್ಕೆ ಸಂಘಟಕರಿಗೆ ಬಿಡಿ. ಕುಡಿದು ಬಂದವರ ಜೊತೆ ಮಾತಿಗೆ ಮಾತು ಬೆಳೆಸಬೇಡಿ. ವಯಸ್ಸಾದವರನ್ನು ಏಕವಚನದಲ್ಲಿ ಕರೆದರೆ ಇಡೀ ಸಭೆ ಅವರ ಪಕ್ಷಕ್ಕೆ ಹೋಗುತ್ತದೆ.

ವಾಟ್ಸಾಪ್ ಜೋಕು, ಬೇರೆಯವರ ಜೋಕು ಹೇಳಬಹುದಾ?

ಬೇಡ. ವಾಟ್ಸಾಪಿನದು ಸಭೆಯಲ್ಲಿ ಅರ್ಧ ಜನಕ್ಕೆ ಗೊತ್ತಿರುತ್ತದೆ, ಬೇರೆಯವರದು ಹೇಳಿದರೆ ಕಳ್ಳತನ. ಕೃತಿಸ್ವಾಮ್ಯದ ಕಾನೂನು ಬರೀ ಕಲ್ಪನೆಯನ್ನು ಕಾಯುವುದಿಲ್ಲ, ಆ ಕಲ್ಪನೆಗೆ ಕೊಟ್ಟ ಮಾತಿನ ರೂಪವನ್ನು ಕಾಯುತ್ತದೆ. ಹಾಗಾಗಿ ಬೆಣ್ಣೆ ದೋಸೆಯ ಬಗ್ಗೆ ಯಾರು ಬೇಕಾದರೂ ಮಾತಾಡಬಹುದು, ಒಬ್ಬರು ಕಟ್ಟಿದ ಸಾಲುಗಳನ್ನು ಎತ್ತುವಂತಿಲ್ಲ. ನಿಮ್ಮದನ್ನು ಉಳಿಸಿಕೊಳ್ಳಲು ದಿನಾಂಕ ಇರುವ ರೆಕಾರ್ಡಿಂಗ್‌ಗಳನ್ನು ಅಳಿಸಬೇಡಿ.

ಯಾವುದರ ಬಗ್ಗೆ ಮಾತಾಡಬಾರದು?

ಮಠ, ಜಾತಿ, ದೇವರು, ರಾಜಕೀಯ ನಮ್ಮ ಜಿಲ್ಲೆಗಳ ದಿನದ ಮಾತು. ಇವನ್ನು ಮುಟ್ಟಲೇಬಾರದು ಅಂತಲ್ಲ. ದಾವಣಗೆರೆಯನ್ನು 1997ರಲ್ಲಿ ಚಿತ್ರದುರ್ಗದಿಂದ ಬೇರೆ ಜಿಲ್ಲೆ ಮಾಡಿದಾಗ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರನ್ನು ಇಲ್ಲಿನ ಜನ ಇವತ್ತಿಗೂ ನೆನೆಯುವುದು ಅವರ ಹಾಸ್ಯಪ್ರಜ್ಞೆಗೂ ಸೇರಿಸಿ. ಆದರೆ ಗುರಿ ಯಾರ ಕಡೆ ಅನ್ನುವುದು ಮುಖ್ಯ. ಅಧಿಕಾರ ಇರುವವನ ನಡತೆಯ ಮೇಲೆ ಮಾಡಿದ ಜೋಕು ಬೇರೆ, ಹುಟ್ಟಿನ ಮೇಲೆ ಮಾಡಿದ್ದು ಬೇರೆ. ಎರಡನೆಯದು ಹಾಸ್ಯವೇ ಅಲ್ಲ, ಪರಿಶಿಷ್ಟರ ವಿಷಯದಲ್ಲಿ 1989ರ ದೌರ್ಜನ್ಯ ತಡೆ ಕಾಯ್ದೆಯ ಅಪರಾಧವೂ ಆಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾನಹಾನಿ 356ನೇ ಸೆಕ್ಷನ್, ಬೇಕೆಂದೇ ಧಾರ್ಮಿಕ ಭಾವನೆ ಕೆರಳಿಸುವುದು 299ನೇ ಸೆಕ್ಷನ್. ಹೆಸರು ಹಿಡಿದು ಆರೋಪದ ಧಾಟಿಯಲ್ಲಿ ಹೇಳುವ ಮಾತನ್ನು ವಿಡಿಯೊ ಹಾಕುವ ಮೊದಲು ಒಬ್ಬ ವಕೀಲರಿಗೆ ತೋರಿಸಿ.

ಪೂರ್ತಿ ಸೆಟ್‌ನ ರೆಕಾರ್ಡಿಂಗ್ ಇಟ್ಟುಕೊಳ್ಳಿ. ಬಹಳ ಗಲಾಟೆಗಳು ಹಿಂದೆಮುಂದೆ ಕತ್ತರಿಸಿದ ಇಪ್ಪತ್ತು ಸೆಕೆಂಡಿನಿಂದ ಹುಟ್ಟುತ್ತವೆ.

ರೀಲ್ಸ್ ಯಾವಾಗ ಹಾಕಬೇಕು?

ಮೂವತ್ತು ನಿಮಿಷ ಗಟ್ಟಿ ಸರಕು ಆದ ಮೇಲೆ. ಅದಕ್ಕೂ ಮೊದಲು ಒಂದು ತುಣುಕು ಓಡಿಬಿಟ್ಟರೆ, ಒಂದು ಗಂಟೆಯ ಕಾರ್ಯಕ್ರಮಕ್ಕೆ ಕರೆ ಬರುತ್ತದೆ, ಕೈಯಲ್ಲಿರುವುದು ಎಂಟು ನಿಮಿಷ. ಆ ದಿನ ನಿರಾಶರಾದ ಐನೂರು ಜನ ಮತ್ತೆ ಬರುವುದಿಲ್ಲ. ಹಾಕಿದ ಜೋಕು ವೇದಿಕೆಗೆ ಅರ್ಧ ಸತ್ತಂತೆ, ಆದ್ದರಿಂದ ಸಭೆಯ ಜೊತೆ ನಡೆದ ಮಾತುಕತೆಯ ತುಣುಕು ಹಾಕಿ, ಬರೆದ ಸರಕನ್ನು ಉಳಿಸಿ. ಹಿನ್ನೆಲೆಗೆ ಸಿನಿಮಾ ಹಾಡು ಬೇಡ, ಹಕ್ಕುದಾರರು ಆದಾಯ ತಗೊಳ್ಳುತ್ತಾರೆ. ಯೂಟ್ಯೂಬಿನ ಜಾಹೀರಾತು ಹಣಕ್ಕೆ 1,000 ಚಂದಾದಾರರ ಜೊತೆಗೆ ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬೇಕು. ಬರೀ ಅದನ್ನು ನಂಬಿ ಮನೆ ನಡೆಸಲು ಆಗುವುದಿಲ್ಲ.

ದುಡ್ಡಿನ ಮಾತು ಹೇಗೆ ಆಡಬೇಕು? ಕೆಲಸ ಬಿಡಬಹುದಾ?

ಕರೆ ಬಂದ ದಿನವೇ ವಾಟ್ಸಾಪಿನಲ್ಲಿ ಬರೆದು ಕಳಿಸಿ: ಎಷ್ಟು ನಿಮಿಷ, ಎಷ್ಟು ಹಣ, ಅರ್ಧ ಮುಂಗಡ, ಉಳಿದದ್ದು ವೇದಿಕೆ ಹತ್ತುವ ಮೊದಲು, ಪ್ರಯಾಣ ಮತ್ತು ರೂಮಿನ ಖರ್ಚು ಯಾರದು, ವಿಡಿಯೊ ಹಕ್ಕು ಯಾರದು. ಹಾರ, ಶಾಲು, ಫಲಪುಷ್ಪಕ್ಕೆ ಮಾಡುವುದಾದರೆ ಅದೂ ಮೊದಲೇ ತೀರ್ಮಾನವಾಗಲಿ. ಕಂಪನಿ, ಸಂಸ್ಥೆಗಳು ಸಾಮಾನ್ಯವಾಗಿ ಶೇ. 10 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುತ್ತವೆ, ಪ್ಯಾನ್ ಕೊಡದಿದ್ದರೆ ಶೇ. 20. ಹಿಡಿದದ್ದು ಆದಾಯ ತೆರಿಗೆ ಇಲಾಖೆಯ ನಿಮ್ಮ ತೆರಿಗೆ ಲೆಕ್ಕದ ಪಟ್ಟಿಯಲ್ಲಿ ಕಾಣುತ್ತದೋ ನೋಡಿ, ರಿಟರ್ನ್ಸ್ ತುಂಬಿ. ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ.

ಕೆಲಸ ಬಿಡುವ ಮುಂಚೆ ಎರಡು ಇರಲಿ: ಒಂದು ಗಂಟೆಯ ಸರಕು, ಒಂದು ವರ್ಷದ ಮನೆ ಖರ್ಚು. ಗಣೇಶನ ಹಬ್ಬದಿಂದ ನವೆಂಬರಿನ ರಾಜ್ಯೋತ್ಸವದವರೆಗೆ ಪುರಸೊತ್ತಿಲ್ಲದಷ್ಟು ಕರೆ, ಪರೀಕ್ಷೆಯ ತಿಂಗಳುಗಳಲ್ಲಿ ಮತ್ತು ಆಷಾಢದಲ್ಲಿ ಪೂರ್ತಿ ಖಾಲಿ.

ಹೆಸರು ಬಂದ ಮೇಲೆ ಏನು ಬದಲಾಗುತ್ತದೆ?

ಮೊದಲ ಎರಡು ನಿಮಿಷ ಬದಲಾಗುತ್ತದೆ. ಮುಖ ಕಂಡ ಕೂಡಲೇ ಚಪ್ಪಾಳೆ, ಮೊದಲ ಮಾತಿಗೇ ನಗು. ಮೂರನೇ ನಿಮಿಷದಿಂದ ಎಲ್ಲರಿಗೂ ಒಂದೇ ತಕ್ಕಡಿ. ಆ ಎರಡು ನಿಮಿಷವನ್ನು ತಮ್ಮ ಸಾಮರ್ಥ್ಯ ಅಂದುಕೊಂಡವರು ಬರೆಯುವುದನ್ನು ನಿಲ್ಲಿಸುತ್ತಾರೆ.

ಇದಕ್ಕಿಂತ ದೊಡ್ಡ ನಷ್ಟ ಅಳತೆಗೋಲು ಕೆಡುವುದು. ಅಭಿಮಾನಿಗಳು ಸೆಟಪ್‌ಗೇ (ಪಂಚ್‌ಗೆ ಮೊದಲಿನ ಸಂದರ್ಭದ ಮಾತು) ನಗುತ್ತಾರೆ, ಜೋಕು ಗಟ್ಟಿಯೋ ಟೊಳ್ಳೋ ತಿಳಿಯುವುದಿಲ್ಲ. ಹೊಸ ಸರಕನ್ನು ಹೆಸರು ಹಾಕಿಸದೆ, ಬೇರೆಯವರ ಕಾರ್ಯಕ್ರಮದ ನಡುವೆ, ನಿಮ್ಮನ್ನು ನೋಡಲು ಬಾರದ ಜನರ ಮುಂದೆ ಪರೀಕ್ಷೆ ಮಾಡಿ. ಹಿರಿಯೂರೋ ಚಳ್ಳಕೆರೆಯೋ ಆದರೆ ಒಳ್ಳೆಯದು. ರೆಕಾರ್ಡಿಂಗ್‌ನಲ್ಲಿ ಮೊದಲ ಎರಡು ನಿಮಿಷದ ನಗುವನ್ನು ಲೆಕ್ಕಕ್ಕೇ ತಗೊಳ್ಳಬೇಡಿ.

ಎರಡನೆಯದು, ಬದುಕು ಕಿರಿದಾಗುತ್ತದೆ. ಸಿಟಿ ಬಸ್ಸು, ಸಂತೆ, ರೇಷನ್ ಅಂಗಡಿಯ ಸಾಲು ಎಲ್ಲ ತಪ್ಪಿ ಕಾರು, ಹೋಟೆಲ್ ರೂಮು, ಏರ್‌ಪೋರ್ಟ್ ಮಾತ್ರ ಉಳಿಯುತ್ತದೆ. ಏರ್‌ಪೋರ್ಟಿನ ಜೋಕಿನಲ್ಲಿ ಜಗಳೂರಿನವರಿಗೆ ತಮ್ಮ ಮುಖ ಕಾಣುವುದಿಲ್ಲ. ವಾರಕ್ಕೆ ಒಂದು ದಿನವಾದರೂ ಮೊದಲಿನ ಹಾಗೆ ಓಡಾಡಿ, ಕಿವಿ ತೆರೆದಿಟ್ಟು.

ಮೂರನೆಯದು ಒಂದೇ ಜೋಕಿನ ಹೊರೆ. ಎಲ್ಲಿ ಹೋದರೂ "ಆ ಬೆಣ್ಣೆದು ಹೇಳ್ರಿ" ಅಂತ ಕೂಗುತ್ತಾರೆ. ಸಿಟ್ಟಾಗಬೇಡಿ, ಅದು ಪ್ರೀತಿ. ಅದನ್ನು ಕೊನೆಗೆ, ಒಂದು ಹೊಸ ಟ್ಯಾಗ್ ಸೇರಿಸಿ ಕೊಡಿ. ಮೊದಲೇ ಕೊಟ್ಟರೆ ಬಂದ ಕೆಲಸ ಮುಗಿಯಿತು ಅನ್ನುವಂತೆ ಸಭೆ ಸಡಿಲವಾಗುತ್ತದೆ.

ಮನೆಯವರ ವಿಷಯ ಬೇರೆಯೇ ಎಚ್ಚರ ಬೇಡುತ್ತದೆ. ಇದು ಮದುವೆ ಮನೆಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರು. ಹೆಂಡತಿ, ಅತ್ತೆ, ಚಿಕ್ಕಪ್ಪನ ಮೇಲಿನ ಜೋಕು ವಿಡಿಯೊ ಆದ ಮರುವಾರ ಅವರನ್ನು ಜನ ಅದೇ ಹೆಸರಲ್ಲಿ ಕರೆಯುತ್ತಾರೆ. ವೇದಿಕೆಗೆ ಒಯ್ಯುವ ಮೊದಲು ಅವರ ಮುಂದೆಯೇ ಹೇಳಿ, ಬೇಡ ಅಂದರೆ ಬಿಡಿ. ಒಳ್ಳೆಯ ಜೋಕು ಇನ್ನೊಂದು ಬರೆಯಬಹುದು.

ಹೆಣ್ಣುಮಕ್ಕಳಿಗೆ ಬೇರೆ ಕಷ್ಟಗಳಿವೆಯಾ?

ಇವೆ, ಬಹುಪಾಲು ವೇದಿಕೆಯ ಹೊರಗೆ. ತಡರಾತ್ರಿಯ ಪ್ರಯಾಣ, ಒಂಟಿ ರೂಮು, ಕಾರ್ಯಕ್ರಮ ಮುಗಿದ ಮೇಲೆ ನಂಬರ್ ಕೇಳುವವರು. ಜೊತೆಗೊಬ್ಬರ ಪ್ರಯಾಣದ ಖರ್ಚನ್ನೂ ಒಪ್ಪಂದದಲ್ಲೇ ಸೇರಿಸಿ, ಸರದಿಯನ್ನು ಮೊದಲರ್ಧದಲ್ಲಿ ಕೇಳಿ. ಸಂಘಟಕರು ಇದನ್ನು ಕೇಳಿಸಿಕೊಳ್ಳುವ ಮೊದಲೇ ಕೊಡಬೇಕು. ನಿರೂಪಕರು ಪರಿಚಯಿಸುವಾಗ ರೂಪದ ಮಾತು ಎತ್ತದೆ ಹೆಸರು ಹೇಳಿ ಮೈಕ್ ಕೊಟ್ಟರೆ ಸಾಕು.

ಕಾರ್ಯಕ್ರಮದ ದಿನ ಮಂಡಕ್ಕಿ ಮಿರ್ಚಿ ತಿನ್ನಬಹುದಾ?

ವೇದಿಕೆಗೆ ಮುಂಚೆ ಬೇಡ. ಒಣ ಮಂಡಕ್ಕಿಯ ಚೂರು ಗಂಟಲಲ್ಲಿ ಕೂತರೆ ನಡುವೆ ಕೆಮ್ಮು, ಎಣ್ಣೆ ಮತ್ತು ಖಾರಕ್ಕೆ ಹುಳಿತೇಗು ಬಂದು ದನಿ ಒರಟಾಗುತ್ತದೆ. ಎರಡು ಗಂಟೆ ಮೊದಲು ಹಗುರವಾಗಿ ಊಟ ಮಾಡಿ, ಉಗುರುಬೆಚ್ಚಗಿನ ನೀರು ಗುಟುಕು ಗುಟುಕಾಗಿ ಕುಡಿಯುತ್ತಿರಿ, ಐಸ್ ನೀರು ಬಿಡಿ. ಮಂಡಕ್ಕಿಯನ್ನು ಕಾರ್ಯಕ್ರಮ ಮುಗಿದ ಮೇಲೆ, ರೆಕಾರ್ಡಿಂಗ್ ಕೇಳುತ್ತಾ ತಿನ್ನಿ.